ಅರ್ಲನ ತಲೆ ಮತ್ತು ಕೆಳಗಿನ ಕೋಣೆ

೭ ಅಕ್ಟೋಬರ್ ೨೦೨೫, ಮಂಗಳವಾರ
ಅಲ್ ಹೈಲ್

ಇವತ್ತು ಬರೆಯದೆ ಇರಲಿಕ್ಕಾಗುವುದಿಲ್ಲ. ಈ ಮನೆಯಲ್ಲಿ ನನ್ನ ವಿರುದ್ಧ ಏನೋ ನಡೆಯುತ್ತಾ ಇದೆ.

ಮಧ್ಯಾಹ್ನ ಊಟವಾಗಿ ಅಡ್ಡಾಗಿದ್ದೆ. ಎ.ಸಿ. ಬಂದ್ ಮಾಡಿದ್ದೆ. ಅದರ ಗುರ್ ಗುರ್‌ನಲ್ಲಿ ಮನೆಯ ಒಂದು ಮಾತೂ ಕಿವಿಗೆ ಬೀಳುವುದಿಲ್ಲ. ಸೊಸೆ ಅಡುಗೆಮನೆಯಲ್ಲಿ ಅವಳ ಅಣ್ಣ ಸಚ್ಚಿದಾನಂದನ ಜೊತೆ ಫೋನಿನಲ್ಲಿದ್ದಳು. ಅವನು ಇಲ್ಲೇ ರೂವಿಯಲ್ಲಿ ಎಂಜಿನಿಯರ್. ಅವರದು ಗದಗ ಕಡೆಯ ಕನ್ನಡ. ಅಣ್ಣ ತಂಗಿ ಮಾತಾಡಿದರೆ ಜಗಳವೋ ಪ್ರೀತಿಯೋ ಎಂದು ಇಷ್ಟು ವರ್ಷವಾದರೂ ನನಗೆ ಗೊತ್ತಾಗಿಲ್ಲ. ಇವತ್ತಿನದು ಮಾತ್ರ ಸ್ಪಷ್ಟವಾಗಿ ಕೇಳಿತು.

"ಅಜ್ಜಾರನ್ನ ನವೆಂಬರ್ ಎಂಟಕ್ಕ ಫ್ಲೈಟ್ ಹತ್ತಿಸಿಬಿಟ್ರ ನಮ್ಮ ಜವಾಬ್ದಾರಿ ಮುಗೀತು ನೋಡಣ್ಣ. ಜಾಸ್ತಿ ದಿನ ಇಟ್ಕೊಳ್ಳಾಕ ಆಗಂಗಿಲ್ಲ." ಆ ಕಡೆಯವನು ಏನೋ ಅಂದ. ಮತ್ತೆ ಇವಳು: "ಕೆಳಗಿನ ರೂಮ್ ಖಾಲಿ ಮಾಡಿಸ್ತೀನಿ. ಈಗ ಮನ್ಯಾಗ ಯಾರಿಗೂ ಹೇಳೂದು ಬ್ಯಾಡ."

ನಾನು ಕೆಮ್ಮಿದೆ. ಮಾತು ನಿಂತಿತು.

ಕೆಳಗಿನ ರೂಮಿನಲ್ಲಿರುವವನು ನಾನು. ಈ ಮನೆಯಲ್ಲಿ ಅಜ್ಜ ಎಂದರೆ ನಾನೊಬ್ಬನೇ. ನನ್ನ ವೀಸಾ ಮುಗಿಯುವುದೂ ನವೆಂಬರಿನಲ್ಲಿ. 'ಅಜ್ಜಾರು' ಎಂದು ಬಹುವಚನ ಬೇರೆ! ಕಳಿಸಿಬಿಡುವವರಿಗೆ ಯಾವಾಗಲೂ ಮರ್ಯಾದೆ ಜಾಸ್ತಿ.

ಹೆಂಡತಿ ಲೋಲಾಕ್ಷಿ ತೀರಿಹೋದ ಮೇಲೆ "ಅಪ್ಪ, ನೀವು ಅಲ್ಲಿ ಒಬ್ಬರೇ ಬೇಡ" ಎಂದು ಉಡುಪಿಯಿಂದ ಈ ಗಲ್ಫಿಗೆ ಕರೆದುಕೊಂಡು ಬಂದವನು ಮಗ ಶ್ರವಣ್. ಅವನ ಕೆಲಸ ದೂರದ ದುಕ್ಮ್‌ನ ಬಂದರಿನಲ್ಲಿ. ಗುರುವಾರ ಸಂಜೆ ಕಂಪನಿ ಬಸ್ಸಿನಲ್ಲಿ ಬಂದು ಶನಿವಾರ ಹೋಗುತ್ತಾನೆ. ಉಳಿದ ದಿನ ಮನೆ ಸೊಸೆಯದು. ಅವನಿಗೆ ಇದು ಗೊತ್ತುಂಟೋ ಇಲ್ಲವೋ, ಅದನ್ನು ಮೊದಲು ಪತ್ತೆ ಮಾಡಬೇಕು.

ಸಂಜೆ ಮೊಮ್ಮಗಳು ಯಶ್ಮಿತಾ ಬಂದಳು. "ಅಜ್ಜಾ, ಡು ಯು ನೋ ಸ್ಟ್ರಾಫರ್ಡ್?"

ಅವಳ ಶಾಲೆಯಲ್ಲಿ ಶಾಲೆಟ್ ಮಿಸ್ ಎಂಬವರು ಹಳೆಯ ಇಂಗ್ಲೆಂಡಿನ ಒಂದು ವಿಚಾರಣೆಯನ್ನು ಮಕ್ಕಳಿಂದ ನಾಟಕದ ಹಾಗೆ ಮಾಡಿಸುತ್ತಾರಂತೆ. ಇವಳು ಪ್ರಾಸಿಕ್ಯೂಷನ್. ಅರ್ಲನ ತಲೆ ಕೇಳುವ ಕಡೆ.

ಗೊತ್ತಿಲ್ಲದೆ ಏನು! ಉಡುಪಿಯಲ್ಲಿ ಬಿ.ಎ. ಮಾಡುವಾಗ ಸ್ಟುವರ್ಟ್ ಪೀರಿಯಡ್ ಆಪ್ಶನಲ್ ಇತ್ತು ನನಗೆ. ನಮ್ಮ ಮೇಷ್ಟ್ರು ಇಂಗ್ಲಿಷಿನಲ್ಲಿ ಹೇಳಿದ್ದರಲ್ಲಿ ಅರ್ಧ ಅಂದೇ ಹೋಯಿತು, ಉಳಿದ ಅರ್ಧದಲ್ಲಿ ಈ ಮನುಷ್ಯ ಉಳಿದಿದ್ದಾನೆ. ಥಾಮಸ್ ವೆಂಟ್‌ವರ್ತ್, ಯಾರ್ಕ್‌ಶೈರಿನ ದೊಡ್ಡ ಜಮೀನಿನ ಮನೆಯವನು; ಸ್ಟ್ರಾಫರ್ಡಿನ ಅರ್ಲ್ ಎಂಬ ಸರದಾರ ಪದವಿ ಆಮೇಲೆ ಬಂದದ್ದು. ಪಾರ್ಲಿಮೆಂಟಿನಲ್ಲಿ ಕೂತು ಚಾರ್ಲ್ಸ್ ರಾಜನಿಗೆ ಎದುರು ಮಾತಾಡಿದ, ಸೆರೆಗೂ ಹೋದ. ಆಮೇಲೆ ಅದೇ ರಾಜನ ಬಲಗೈಯಾದ. ಐರ್ಲೆಂಡನ್ನು ಆಳಿದ. ಆಳಿದ್ದು ಅಂದರೆ ಹಾಗೆ ಹೀಗೆ ಅಲ್ಲ, 'ಥರೋ' ಎಂದೇ ಹೆಸರು ಅವನ ರೀತಿಗೆ. ಬಿಟ್ಟುಕೊಡುವ ಮಾತೇ ಇಲ್ಲ.

"ಕೊನೆಗೆ ಬಿಲ್ ಆಫ್ ಅಟೆಂಡರ್ ಅಂತ ಒಂದು ಕಾನೂನು ಮಾಡಿ ತಲೆ ತೆಗೆದರು" ಎಂದೆ.

"ಅಟೇಂಡರ್, ಅಜ್ಜಾ! ಅಟೆಂಡರ್ ಅಲ್ಲ!" ಹಾಸಿಗೆಯ ಮೇಲೆ ಬಿದ್ದು ಬಿದ್ದು ನಕ್ಕಳು.

ನಗಲಿ. ಮಲ್ಪೆಯ ಬಂದರು ಕಚೇರಿಯಲ್ಲಿ ನಮ್ಮ ಅಟೆಂಡರನ ಬಿಲ್ಲು ಪಾಸಾಗಬೇಕಾದರೆ ಯಾರು ಯಾರ ಸಹಿಯೋ ಬೇಕಿತ್ತು. ಒಬ್ಬನ ಕುತ್ತಿಗೆಯ ಬಿಲ್ಲು ಅದಕ್ಕಿಂತ ಸುಲಭವಾಗಿ ಪಾಸಾಯಿತಲ್ಲ, ಅದೇ ವಿಚಿತ್ರ.

೧೦ ಅಕ್ಟೋಬರ್, ಶುಕ್ರವಾರ

ಶ್ರವಣ್ ನಿನ್ನೆ ಬಂದ. ಇಡೀ ದಿನ ಅವನ ಮುಖ ನೋಡಿದೆ. ಏನೂ ಗೊತ್ತಿಲ್ಲದವನ ಮುಖ, ಅಥವಾ ಚೆನ್ನಾಗಿ ಮುಚ್ಚಿಡುವವನ ಮುಖ. ಅವನ ಅಮ್ಮನ ಹಾಗೆ ಒಳಗಿನದು ಹೊರಗೆ ಬರುವ ಜಾತಿಯಲ್ಲ.

ಹೊಸ ವಿಷಯ ಒಂದುಂಟು. ನನ್ನ ಮೀನಿನ ಬಾಣಲೆ ಕಾಣೆಯಾಗಿದೆ. ಸೊಸೆಯ ಕಡೆಯವರು ಮೀನು ಮಾಂಸ ಮುಟ್ಟುವುದಿಲ್ಲ. ನನಗಾಗಿ ಹಿಂದಿನ ಕಟ್ಟೆಯಲ್ಲಿ ಬೇರೆ ಒಲೆ, ಬೇರೆ ಬಾಣಲೆ. ಶುಕ್ರವಾರ ಸೀಬ್ ಮಾರುಕಟ್ಟೆಯಿಂದ ಬಂಗುಡೆ ತಂದು ನಾನೇ ಕಾಯಿಸಿಕೊಳ್ಳುವುದು. ಇವತ್ತು ನೋಡಿದರೆ ಒಲೆಯೂ ಇಲ್ಲ, ಬಾಣಲೆಯೂ ಇಲ್ಲ. ಕಟ್ಟೆಯನ್ನು ಫಿನಾಯಿಲ್ ಹಾಕಿ ತೊಳೆದಿದ್ದಾರೆ.

"ಶುಭಾ, ನನ್ನ ಬಾಣಲೆ ಎಲ್ಲಿ?"

"ಮ್ಯಾಲೆ ಡಬ್ಬಿಯೊಳಗ ಕಟ್ಟಿ ಇಟ್ಟೇನ್ರಿ ಮಾವ. ಸ್ವಲ್ಪ ದಿನ..." ಅಷ್ಟರಲ್ಲಿ ಮಿಕ್ಸಿ ಹಾಕಿದಳು.

ಕಟ್ಟಿ ಇಟ್ಟಿದ್ದಾಳಂತೆ! ಪ್ಯಾಕಿಂಗ್ ಶುರುವಾಗಿದೆ.

೧೪ ಅಕ್ಟೋಬರ್, ಮಂಗಳವಾರ

ಸಚ್ಚಿದಾನಂದ ಬಂದಿದ್ದ. "ಮಾವಾರ, ಆರಾಮ ಅದೀರಿ?" ಎಂದು ಕೈ ಮುಗಿದು ಸೀದಾ ನನ್ನ ಬಾತ್‌ರೂಮಿಗೆ ಹೋಗಿ ಟೇಪು ಹಿಡಿದು ಗೋಡೆ ಅಳೆದ. ಕಮೋಡಿನ ಪಕ್ಕ ಹಿಡಿದುಕೊಳ್ಳಲು ಸ್ಟೀಲಿನ ಸರಳು ಹಾಕಿಸುತ್ತಾನಂತೆ. "ಹಿರೇರಿಗೆ ಅನುಕೂಲ ಆಕ್ಕೈತಿ."

ಒಂದು ವರ್ಷದಿಂದ ನಾನು ಸರಳಿಲ್ಲದೆ ಎದ್ದು ಕೂತಿದ್ದೇನೆ. ಹಾಗಾದರೆ ಈ ಸರಳು ಮುಂದೆ ಬರುವವರಿಗೆ. ಅವಳ ಅಮ್ಮ ಶಿವವ್ವನನ್ನು ಕರೆಸುತ್ತಾರೆ, ಸಂಶಯವೇ ಇಲ್ಲ. ನಾನು ಹೊರಗೆ, ಬೀಗಿತ್ತಿ ಒಳಗೆ!

ಹಾಜಬ್ಬನ ಅಂಗಡಿಗೆ ಹೋದೆ. ಬಂಟ್ವಾಳದ ಬ್ಯಾರಿ, ಇಲ್ಲಿ ನನ್ನ ಭಾಷೆ ತಿಳಿಯುವವನು ಅವನೊಬ್ಬ. ತುಳುವಿನಲ್ಲಿ ಶುರು ಮಾಡಿ ಕನ್ನಡಕ್ಕೆ ಹೊರಳುತ್ತಾನೆ.

"ಎಂತ ದೇಜಣ್ಣ, ಮೋರೆ ಒಣಗಿಸಿದ ಬಂಗುಡೆ ಹಾಗೆ ಮಾಡಿದ್ದೀರಿ?"

ಎಲ್ಲ ಹೇಳಿದೆ. ಅರ್ಲನ ಕಥೆಯನ್ನೂ ಹೇಳಿದೆ. ರಾಜನ ಮಂತ್ರಾಲೋಚನೆಯಲ್ಲಿ ಅವನು ಅಂದದ್ದು ಇಷ್ಟೇ: ಐರ್ಲೆಂಡಿನಲ್ಲಿ ನಿಮ್ಮ ಸೈನ್ಯ ಉಂಟು, ಅದನ್ನು ತಂದು ಈ ರಾಜ್ಯವನ್ನು ಹದಕ್ಕೆ ತರಬಹುದು. 'ಈ ರಾಜ್ಯ' ಅಂದರೆ ಯಾವುದು? ಆಗ ದಂಗೆ ಎದ್ದಿದ್ದ ಸ್ಕಾಟ್ಲೆಂಡ್ ಎಂದು ಅವನು. ಅಲ್ಲ, ನಮ್ಮ ಇಂಗ್ಲೆಂಡೇ, ನಮ್ಮ ಮೇಲೆಯೇ ಸೈನ್ಯ ತರುವವನಿದ್ದ ಎಂದು ವೈರಿಗಳು. ಒಂದು 'ಈ' ಮೇಲೆ ತಲೆ ನಿಂತಿತು.

ಹಾಜಬ್ಬ ಬೀಡಿ ಹಚ್ಚದೆ ಕೇಳಿದ. "ಅಲ್ಲಿ ಬೇರೆಯವರು ಕೂಡ ಇದ್ರಲ್ಲ, ಅವರು ಎಂತ ಹೇಳಿದ್ರು?"

"ನಮಗೆ ಹಾಗೆ ಕೇಳಿದ ನೆನಪಿಲ್ಲ ಅಂದರು. ಒಬ್ಬ ಮಾತ್ರ ಕೇಳಿದೆ ಅಂದ."

"ಒಬ್ಬ ಕೇಳಿದ್ದಕ್ಕೆ ಗೋಣು ಕೊಯ್ದ್ರಾ? ಯಾ ಅಲ್ಲಾ. ನೀವು ಸೊಸೆ ಹತ್ರ ಕೇಳಿದ್ರಾ?"

"ಕೇಳಿದರೆ ನಿಜ ಹೇಳುತ್ತಾಳಾ?"

"ಅದು ಕೇಳಿದ ಮೇಲೆ ಗೊತ್ತಾಗುದಲ್ವಾ ಮಾರಾಯ್ರೆ!"

ಇವನ ಅಂಗಡಿಗೂ ಸೊಸೆಯೇ ಕಾಯಂ ಗಿರಾಕಿ. ಪೂರ್ತಿ ನಂಬುವ ಹಾಗಿಲ್ಲ.

೨೦ ಅಕ್ಟೋಬರ್, ಸೋಮವಾರ, ದೀಪಾವಳಿ

ಬೆಳಿಗ್ಗೆ ಎಣ್ಣೆ ಬಿಸಿ ಮಾಡಿ ಕೊಟ್ಟಳು. ಹೊಸ ಪಂಚೆ, ಹೊಸ ಬಿಳಿ ಅಂಗಿ. ಕಳೆದ ವರ್ಷ ಬರೇ ಅಂಗಿ ಇತ್ತು, ಈ ಸಲ ಪಂಚೆಯೂ ಸೇರಿದೆ. ಏನೋ ದೊಡ್ಡದು ಬರಲಿಕ್ಕಿದೆ ಎಂದು ಅರ್ಥ. ಟವರ್ ಸೆರೆಮನೆಯಲ್ಲಿಟ್ಟ ಮೇಲೆಯೂ ಅರ್ಲನನ್ನು ಮೈ ಲಾರ್ಡ್ ಎಂದೇ ಕರೆಯುತ್ತಿದ್ದರಂತೆ.

ಹೋಳಿಗೆ ಚೆನ್ನಾಗಿತ್ತು. ಮೂರು ತಿಂದೆ.

೨೨ ಅಕ್ಟೋಬರ್, ಬುಧವಾರ

ಯಶ್ಮಿತಾ ನನ್ನನ್ನು ಅರ್ಲ್ ಎಂದು ಕುರ್ಚಿಯಲ್ಲಿ ಕೂರಿಸಿ ಪ್ರಾಕ್ಟೀಸ್ ಮಾಡಿದಳು. ಬೆರಳು ತೋರಿಸಿ ಇಂಗ್ಲಿಷಿನಲ್ಲಿ ಗುಡುಗಿದಳು. ಹದಿಮೂರು ವರ್ಷಕ್ಕೆ ಏನು ಗಂಟಲು! ನನಗೆ ನಿಜಕ್ಕೂ ಬೆವರು ಬಂತು.

"ಮಗಾ, ಅವನು ಒಬ್ಬನೇ ನಿಂತು ಅಷ್ಟು ದಿನ ಉತ್ತರ ಕೊಟ್ಟ. ಮೈಯಲ್ಲಿ ಕಾಯಿಲೆ ಬೇರೆ. ಲಾರ್ಡುಗಳಿಗೆ ಕೂಡ ಕನಿಕರ ಬಂತು. ವಿಚಾರಣೆಯಲ್ಲಿ ಗೆಲ್ಲಲಿಕ್ಕೆ ಆಗುವುದಿಲ್ಲ ಅಂತ ಗೊತ್ತಾದ ಕೂಡಲೇ ಪಾರ್ಲಿಮೆಂಟಿನವರು ವಿಚಾರಣೆಯನ್ನೇ ಬಿಟ್ಟು ಅವನಿಗಾಗಿಯೇ ಒಂದು ಕಾನೂನು ಮಾಡಿದರು. ನಿನ್ನ ಜೀವಕ್ಕೆ ಏನೂ ಆಗಲಿಕ್ಕೆ ಬಿಡುವುದಿಲ್ಲ ಅಂತ ಮಾತು ಕೊಟ್ಟಿದ್ದ ರಾಜ ಹೊರಗಿನ ಗಲಾಟೆಗೆ ಹೆದರಿ ಸಹಿ ಹಾಕಿದ."

"ಅಜ್ಜಾ, ಯು ಆರ್ ಸೋ ಸಸ್ ಟುಡೇ. ಯಾಕೆ ಅಳ್ತಾ ಇದ್ದೀರಿ?"

'ಸಸ್' ಅಂದರೆ ಸಸ್ಪೆನ್ಸ್ ಇರಬೇಕು. ಈಗಿನ ಮಕ್ಕಳು ಶಬ್ದವನ್ನು ಪೂರ್ತಿ ಹೇಳುವುದೇ ಇಲ್ಲ.

ಹೇಳಬಾರದಿತ್ತೋ ಏನೋ, ಬಾಯಿಗೆ ಬಂತು. "ನನ್ನನ್ನೂ ಕಳಿಸುತ್ತಾರೆ ಮಗಾ. ನವೆಂಬರ್ ಎಂಟಕ್ಕೆ. ನಿನ್ನ ಅಮ್ಮ ಟಿಕೆಟ್ ಮಾಡಿದ್ದಾಳೆ."

ಅವಳ ಕೈ ಕೆಳಗಿಳಿಯಿತು. "ಅಮ್ಮ ವುಡ್‌ನ್ಟ್."

"ನಾನೇ ಈ ಕಿವಿಯಲ್ಲಿ ಕೇಳಿದ್ದೇನೆ."

ರಾತ್ರಿ ಊಟಕ್ಕೆ ಕರೆದರೆ ಅಮ್ಮನಿಗೆ ಉತ್ತರವನ್ನೂ ಕೊಡಲಿಲ್ಲ. ಮೇಲೆ ಹೋಗಿ ಅಪ್ಪನಿಗೆ ಫೋನು ಮಾಡಿದಳು. ನಾನು ಮಾಡು ಎಂದು ಹೇಳಲಿಲ್ಲ.

ನನ್ನ ಪಕ್ಷಕ್ಕೆ ಒಬ್ಬರಾದರೂ ಇದ್ದಾರೆ ಎಂದು ಸಮಾಧಾನ.

೨೪ ಅಕ್ಟೋಬರ್, ಶುಕ್ರವಾರ

ಬರೆದುಬಿಡುತ್ತೇನೆ. ಆದದ್ದು ಆದ ಹಾಗೆ.

ಊಟದ ಮೇಜಿನಲ್ಲಿ ಶ್ರವಣ್ ಬಟ್ಟಲು ದೂಡಿದ. "ಶುಭಾ, ನನ್ನ ಅಪ್ಪನನ್ನು ಕಳಿಸ್ಲಿಕ್ಕೆ ನೀನು ನಿನ್ನ ಅಣ್ಣನ ಹತ್ರ ಪ್ಲಾನ್ ಮಾಡುದಾ? ನನ್ನ ಹತ್ರ ಒಂದು ಮಾತು ಇಲ್ವಾ?"

"ಯಾರು ಕಳಸ್ತಾರ? ಏನ್ ಮಾತಾಡ್ತೀರಿ?"

"ಅಪ್ಪನೇ ಕೇಳಿದ್ದಾರೆ."

"ಏನ ಕೇಳ್ಯಾರ?"

ನಾನು ಹೇಳಿದೆ. ಅಕ್ಷರ ತಪ್ಪದೆ ಹೇಳಿದೆ, ಅವಳ ಗದಗಿನ ಧಾಟಿಯಲ್ಲೇ. ಅಜ್ಜಾರು, ನವೆಂಬರ್ ಎಂಟು, ಕೆಳಗಿನ ರೂಮು, ಎಲ್ಲ.

ಅವಳು ಬಾಯಿಗೆ ಸೆರಗು ಹಿಡಿದು ನಕ್ಕುಬಿಟ್ಟಳು. "ಅಯ್ಯ ಶಿವನ! ಮಾವಾ, ಅಜ್ಜಾರು ಅಂದ್ರ ನೀವಲ್ರೀ, ನಮ್ಮ ಮಠದ ಅಜ್ಜಾರು! ಸ್ವಾಮಿಗಳು!"

ಅವರ ಕಡೆ ಮಠದ ಸ್ವಾಮಿಗಳನ್ನು ಅಜ್ಜಾರು ಎನ್ನುತ್ತಾರಂತೆ. ಇದು ಯಾರಿಗೆ ಗೊತ್ತು? ನಮ್ಮಲ್ಲಿ ಅಜ್ಜ ಅಂದರೆ ಅಜ್ಜ, ಸ್ವಾಮೀಜಿ ಅಂದರೆ ಸ್ವಾಮೀಜಿ.

ಆಮೇಲೆ ಒಬ್ಬೊಬ್ಬರ ಮುಖ ನೋಡಿದಳು. ಗಂಡನದು, ಮಗಳದು, ನನ್ನದು. ನಗು ಹಾಗೇ ನಿಂತುಹೋಯಿತು.

"ಮೂರು ಮಂದೀನೂ ನಂಬಿದ್ರೇನು?"

ಶ್ರವಣ್ ದೂಡಿದ್ದ ಬಟ್ಟಲನ್ನು ಮತ್ತೆ ಹತ್ತಿರ ಎಳೆದುಕೊಂಡ. ಅವಳೇ ಹೇಳಿದಳು. ಅಪ್ಪ ಇಲ್ಲದ ಮನೆ, ಅಣ್ಣ ತಂಗಿ ಇಬ್ಬರೂ ಆ ಮಠದ ಊಟ ಉಂಡು, ಮಠದ ಶಾಲೆಯಲ್ಲೇ ಕಲಿತವರು. ಅಜ್ಜಾರಿಗೆ ಈಗ ಎಂಬತ್ತು ದಾಟಿದೆ, ಮೊಣಕಾಲು ಹೋಗಿದೆ. ನನ್ನ ಮಕ್ಕಳು ಸಮುದ್ರದ ಆಚೆ ಹೆಂಗ ಅದಾರ ಒಮ್ಮೆ ನೋಡ್ತೀನಿ ಎಂದರಂತೆ. ಡಾಕ್ಟರು ಹೂಂ ಅನ್ನುವವರೆಗೆ ಯಾರಿಗೂ ಹೇಳುವುದು ಬೇಡ ಎಂದುಕೊಂಡಿದ್ದಳಂತೆ. ಮೆಟ್ಟಿಲು ಹತ್ತಲು ಆಗದವರಿಗೆ ಕೆಳಗಿನ ಕೋಣೆ, ಹಿಡಿದು ಏಳಲು ಸರಳು, ಅವರು ಇರುವ ನಾಲ್ಕು ದಿನಕ್ಕೆ ವಾಸನೆ ಉಳಿಯಬಾರದೆಂದು ಈಗಲೇ ಮೀನಿನ ಬಾಣಲೆ ಮೇಲೆ.

"ಮಾವಗ ರೂಮ್ ಬಿಡ್ರಿ ಅಂತ ಹೆಂಗ ಕೇಳ್ಲಿ ಅಂತ ಹದಿನೈದು ದಿನಾತು ನಾಲಗಿ ಹೊರಳವಲ್ದು ನನಗ" ಎಂದಳು.

"ನಾನು ಬಿಡುತ್ತೇನೆ, ಇವತ್ತೇ ಮೇಲೆ ಹೋಗುತ್ತೇನೆ" ಎಂದೆ.

"ಬ್ಯಾಡ್ರಿ. ಸೊಸಿ ರೂಮ್ ಬಿಡಿಸಿದ್ಲು ಅಂತ ನಾಳೆ ನಿಮ್ಮ ಕಿವಿಗೆ ಮತ್ತೊಂದು ಕೇಳಸ್ತೈತಿ. ಅಜ್ಜಾರು ಅಣ್ಣನ ಮನ್ಯಾಗ ಇರ್ಲಿ."

ಶ್ರವಣ್ ಏನೋ ಸಮಾಧಾನ ಹೇಳಲು ಹೋದ. ಅವಳು ಬಟ್ಟಲುಗಳನ್ನು ಒಂದರ ಮೇಲೊಂದು ಪೇರಿಸಿ ಎತ್ತಿಕೊಂಡು ಹೋದಳು. ಯಶ್ಮಿತಾಳ ಬಟ್ಟಲಿನಲ್ಲಿ ಅನ್ನ ಹಾಗೇ ಇತ್ತು.

ಸಂಬಂಧಪಟ್ಟವರು ಮೊದಲೇ ಸರಿಯಾಗಿ ಹೇಳಿದ್ದರೆ ಇದೊಂದೂ ಆಗುತ್ತಿರಲಿಲ್ಲ ಎಂದು ಬರೆಯಲು ಹೊರಟಿದ್ದೆ. ಬರೆಯುವುದಿಲ್ಲ.

೨೫ ಅಕ್ಟೋಬರ್, ಶನಿವಾರ

ಏನೂ ಇಲ್ಲ.

೩೦ ಅಕ್ಟೋಬರ್, ಗುರುವಾರ

ಶಾಲೆಯ ವಿಚಾರಣೆ ಆಯಿತು. ಯಶ್ಮಿತಾಳ ಪಕ್ಷ ಗೆದ್ದಿತು. ಇಡೀ ತರಗತಿ ಕೈ ಎತ್ತಿ ಅರ್ಲನ ತಲೆ ತೆಗೆಯಿರಿ ಎಂದಿತಂತೆ.

"ಕಂಗ್ರಾಚುಲೇಷನ್ಸ್" ಎಂದೆ.

"ಈಸಿ ಇತ್ತು ಅಜ್ಜಾ. ಜೋರಾಗಿ ಹೇಳಿದ್ರೆ ಎಲ್ರೂ ನಂಬ್ತಾರೆ." ಚೀಲ ಇಟ್ಟು ಮೇಲೆ ಹೋದಳು. ಮೊದಲಿನ ಹಾಗೆ ಕೋಣೆಗೆ ಬಂದು ಕೂರುವುದಿಲ್ಲ ಈಗ.

ಇಪ್ಪತ್ತೊಂದು ವರ್ಷದ ಮೇಲೆ ಆ ಕಾನೂನನ್ನು ಪಾರ್ಲಿಮೆಂಟು ರದ್ದು ಮಾಡಿತು ಎಂದು ಅವಳಿಗೆ ಹೇಳಬೇಕೆಂದಿದ್ದೆ. ರದ್ದು ಮಾಡಿದರೆ ಯಾರಿಗೆ ಏನು? ಕೇಳಿಸಿಕೊಳ್ಳಲು ಕಿವಿ ಇರುವ ತಲೆಯೇ ಇಲ್ಲ.

೩ ನವೆಂಬರ್, ಸೋಮವಾರ

ನನ್ನ ವೀಸಾ ಮುಂದುವರಿಯಿತು. ಅರ್ಜಿಯ ಕೆಲಸವನ್ನೆಲ್ಲ ಓಡಾಡಿ ಮಾಡಿದ್ದು ಶುಭಾ ಎಂದು ಶ್ರವಣ್ ಫೋನಿನಲ್ಲಿ ಹೇಳಿದ. ಸೆಪ್ಟೆಂಬರಿನಲ್ಲೇ ಕೊಟ್ಟಿದ್ದಳಂತೆ.

ಅವಳು ಈಗ ಫೋನು ಬಂದರೆ ಕಾರಿಗೆ ಹೋಗುತ್ತಾಳೆ. ಗೇಟಿನ ಹೊರಗೆ ನಿಲ್ಲಿಸಿದ ಕಾರಿನೊಳಗೆ ಕೂತು, ಗಾಜು ಏರಿಸಿ ಮಾತಾಡುತ್ತಾಳೆ. ಕಿಟಕಿಯಿಂದ ಬರೇ ಬಾಯಿ ಆಡುವುದು ಕಾಣುತ್ತದೆ. ಮುಗಿದ ಮೇಲೆ ಒಳಗೆ ಬಂದು "ಊಟಕ್ಕ ಬರ್ರಿ" ಎನ್ನುತ್ತಾಳೆ, ಅಷ್ಟೇ. ನನಗೆ ಕೇಳಲಿ ಎಂದು ನಾನು ಎ.ಸಿ. ಬಂದ್ ಮಾಡುವುದಿಲ್ಲ ಈಗ. ಮಾಡಿದರೂ ಕೇಳಲು ಏನೂ ಇಲ್ಲ. ಮೊದಲು ದಿನಕ್ಕೆ ಹತ್ತು ಸಲ "ಹೌದಲ್ಲೋ ಅಣ್ಣ", "ಹೋಗ ಯವ್ವ" ಎಂದು ಅಡುಗೆಮನೆ ಗದ್ದಲವಿರುತ್ತಿತ್ತು. ಈ ಮನೆ ಭಾಳ ದೊಡ್ಡದು ಎಂದು ಇವತ್ತು ಗೊತ್ತಾಯಿತು.

೫ ನವೆಂಬರ್, ಬುಧವಾರ

ಅಜ್ಜಾರು ಬಂದಿದ್ದಾರೆ. ಸಚ್ಚಿದಾನಂದನದು ರೂವಿಯ ಹಳೇ ಕಟ್ಟಡ, ಮೂರನೇ ಮಾಳಿಗೆ, ಲಿಫ್ಟಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಎತ್ತಿಕೊಂಡು ಹೋದರಂತೆ. ಯಶ್ಮಿತಾ ನೋಡಿ ಬಂದು ಹೇಳಿದಳು. "ಪ್ರತಿ ಸಲ ಹಾಗೇ ಮಾಡ್ಬೇಕು. ಅವರು ತುಂಬಾ ಓಲ್ಡ್, ಅಜ್ಜಾ."

ನನ್ನ ಕೋಣೆಯ ಬಾತ್‌ರೂಮಿನಲ್ಲಿ ಸರಳು ಹೊಳೆಯುತ್ತಾ ಉಂಟು. ನಾನು ಹಿಡಿಯುವುದಿಲ್ಲ.

೭ ನವೆಂಬರ್, ಶುಕ್ರವಾರ

ಬೆಳಿಗ್ಗೆ ಮೂವರೂ ರೂವಿಗೆ ಹೊರಟರು. "ಬರ್ತೀರಾ ಅಪ್ಪ?" ಎಂದು ಶ್ರವಣ್ ಕೇಳಿದ. ಶುಭಾ ಆಗಲೇ ಕಾರಿನಲ್ಲಿದ್ದಳು. ಕಾಲುನೋವು ಎಂದೆ.

ಅವರು ಹೋದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಹಾಜಬ್ಬನಿಗೆ ಫೋನು ಮಾಡಿದೆ. "ಜುಮ್ಮಾ ನಮಾಜ್ ಆದ ಮೇಲೆ ಬರ್ತೇನೆ, ಎಲ್ಲಿಗೆ?" ಎಂದ. ರೂವಿಗೆ ಎಂದೆ. "ಈಗಾದ್ರೂ ಸೊಸೆ ಹತ್ರ ಕೇಳ್ಲಿಕ್ಕಾ?" ಎಂದ. ಏನು ಕೇಳಲಿಕ್ಕೆ ಎಂದು ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಪಿಕಪ್ಪಿನಲ್ಲಿ ಈರುಳ್ಳಿ ಚೀಲಗಳ ಜೊತೆ ಹೋದೆವು. ದೀಪಾವಳಿಯ ಹೊಸ ಪಂಚೆ ಉಟ್ಟಿದ್ದೆ, ಬೇರೆ ಒಗೆದದ್ದು ಇರಲಿಲ್ಲ.

ಕಟ್ಟಡದ ಕೆಳಗೆ ತಲುಪುವಾಗ ಅಜ್ಜಾರು ಯಾರೋ ಭಕ್ತರ ಮನೆಯಿಂದ ಮರಳಿ ಬಂದಿದ್ದರು. ಕಾವಿ ಶಾಲು ಹೊದ್ದ ಒಂದು ಸಣ್ಣ ಮೂಟೆಯ ಹಾಗೆ ಬಿಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಶ್ರವಣ್, ಸಚ್ಚಿದಾನಂದ, ಅವನ ಸ್ನೇಹಿತನೊಬ್ಬ, ಮೂರು ಕಾಲಿಗೆ ಮೂವರು. ನಾಲ್ಕನೆಯವನು ಕಾರಿಗೆ ಜಾಗ ಹುಡುಕಲು ಹೋದವನು ಬಂದಿರಲಿಲ್ಲ. ಶುಕ್ರವಾರ ರೂವಿಯಲ್ಲಿ ಜಾಗ ಸಿಗುವುದುಂಟೇ? ಬಿಸಿಲಲ್ಲಿ ಅವರನ್ನು ಎಷ್ಟು ಹೊತ್ತು ಕೂರಿಸುವುದು? ನಾನು ಹೋಗಿ ಹಿಂದಿನ ಎಡಗಾಲು ಹಿಡಿದೆ.

"ಅಪ್ಪಾ, ನೀವಾ!" ಎಂದ ಶ್ರವಣ್. "ಬಿಡಿ, ನಿಮಗೆ ಆಗ್ಲಿಕ್ಕಿಲ್ಲ."

"ಮಲ್ಪೆಯಲ್ಲಿ ಬಲೆ ಎಳೆದ ಮನೆಯವನು ನಾನು. ಎತ್ತು."

ಎತ್ತಿದೆವು. ಏನೇನೂ ಭಾರವಿಲ್ಲ. ಮೊದಲ ತಿರುವಿನಲ್ಲಿ ಅಜ್ಜಾರು ಕುತ್ತಿಗೆ ಹೊರಳಿಸಿ ನನ್ನನ್ನು ನೋಡಿದರು. "ಯಾರಪಾ ಇವ್ರು? ನನ್ನ ವಾರಗಿಯವ್ರ ನನ್ನ ಹೊರಾಕತ್ಯಾರ!"

ಉಡುಪಿಯವನು, ಬಂದರು ಕಚೇರಿಯಲ್ಲಿದ್ದೆ, ಶ್ರವಣನ ತಂದೆ, ಇಷ್ಟೂ ಹೇಳಬಹುದಿತ್ತು. ಉಸಿರು ಇರಲಿಲ್ಲ. "ಶುಭಾನ ಮಾವ" ಎಂದೆ.

"ಅಂದ್ರ ನಮ್ಮ ಬೀಗರು! ಹುಡುಗೀನ ಕೊಟ್ಟಾವ್ರು ನಾವಪಾ. ಬೀಗರ ಹೆಗಲ ಮ್ಯಾಲೆ ಕುಂತು ಹೊಂಟೇನಲ್ಲ, ಗದಗಿನ ಮಂದಿ ನೋಡಿದ್ರ ನನ್ನ ಮಠ ಬಿಡಿಸ್ತಾರ!" ಎಂದು ಕುರ್ಚಿ ಅಲುಗುವ ಹಾಗೆ ನಕ್ಕರು. ಎಲ್ಲರೂ ನಕ್ಕರು. ನನಗೂ ನಗು ಬಂದು ಕೈ ಸಡಿಲವಾಯಿತು.

ಹಿಂದಿನಿಂದ ಮೆಟ್ಟಿಲಲ್ಲಿ ಯಾರೋ ದಡದಡ ಹತ್ತಿದ ಸದ್ದು. "ಮಾವಾ! ಎಡಕ್ಕ ಇನ್ನೊಂಚೂರು ಮ್ಯಾಲ ಎತ್ತರಿ, ಅಜ್ಜಾರು ವಾಲಾಕತ್ಯಾರ! ಹಾಂ, ಹಂಗ. ಅವಸರ ಮಾಡಬ್ಯಾಡ್ರಿ, ನಾ ಹಿಂದ ಅದೀನಿ." ಶುಭಾ. ಬೆನ್ನಿಗೆ ಅವಳ ಅಂಗೈ ತಾಗಿತು, ಮೂರನೇ ಮಾಳಿಗೆಯವರೆಗೂ ತೆಗೆಯಲಿಲ್ಲ.

ಎಡ ಭುಜ ಈಗ ಎತ್ತಲಾಗುತ್ತಿಲ್ಲ. ಅವಳು ಎಣ್ಣೆ ಕಾಯಿಸಲು ಹೋಗಿದ್ದಾಳೆ. ಅಡುಗೆಮನೆಯಲ್ಲೇ ಅಣ್ಣನ ಜೊತೆ ಫೋನಿನಲ್ಲಿ ಏನೋ ಜೋರುಜೋರಾಗಿ ಹೇಳುತ್ತಾ ಇದ್ದಾಳೆ, ಎ.ಸಿ. ಸದ್ದಿನಲ್ಲಿ ಏನೆಂದು ತಿಳಿಯುವುದಿಲ್ಲ. ನಾಳೆ ಮಧ್ಯಾಹ್ನದ ವಿಮಾನಕ್ಕೆ ಅಜ್ಜಾರನ್ನು ಇಳಿಸಬೇಕು. ಇಳಿಸುವಾಗ ಭಾರವೆಲ್ಲ ಮುಂದೆ ಹಿ‌ಡಿದವರ ಮೇಲೆ ಬೀಳುತ್ತದಂತೆ. ಮುಂದೆ ನಾನು ನಿಲ್ಲುತ್ತೇನೆ ಎಂದು ಹೇಳಿ ಬಂದಿದ್ದೇನೆ.